ಎದುರು ಮನೆಗೆ ಕೊಟ್ಟ ಗೆಡ್ಡೆ

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂದು ಬೇರೆ ಊರಿನವರು ಹೇಳುತ್ತಾರೆ. ನಮ್ಮೂರಲ್ಲಿ ರೋಹಿಣಿ ಮಳೆ ಬಂದರೆ ಓಣಿಯೇ ಇರುವುದಿಲ್ಲ. ಮೊದಲ ಹನಿ ಬಿದ್ದಾಗ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತೇವೆ. ಮಳೆ ನಿಂತ ಮೇಲೆ ತೆಗೆದು ನೋಡಿದರೆ ಎದುರು ಮನೆ ಬೇರೆ, ಪಕ್ಕದ ಮನೆ ಬೇರೆ, ನಿನ್ನೆ ಸಂತೆಗೆ ಹೋಗುತ್ತಿದ್ದ ರಸ್ತೆ ಇವತ್ತು ಯಾರದೋ ಕೊಟ್ಟಿಗೆಯ ಮುಂದೆ ಹೋಗಿ ನಿಂತಿರುತ್ತದೆ. ಮನೆ, ಅಂಗಳ, ಬಾವಿ, ಬಟ್ಟೆ ಒಣಹಾಕುವ ತಂತಿ ಎಲ್ಲ ನಮ್ಮದೇ. ಇರುವ ಜಾಗ ಮಾತ್ರ ಬೇರೆ. ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಕ್ಕಳು ಮೊದಲ ವರ್ಷ ಸ್ವಲ್ಪ ಅಳುತ್ತಾರೆ. ಎರಡನೇ ವರ್ಷ ಹೊಸ ಎದುರು ಮನೆಯಲ್ಲಿ ಕಾಫಿಪುಡಿ ಕಡ ಕೇಳಲು ಲೋಟ ಹಿಡಿದು ಹೊರಡುತ್ತಾರೆ.

ಇಂಥ ಊರಿನಲ್ಲಿ ಮನೆಗೆ ನಂಬರು ಬರೆಸಿ ಏನು ಪ್ರಯೋಜನ? ನಮಗೆ ವಿಳಾಸವೆಂದರೆ ಡೇರೆ ಹೂವು, ಪೇಟೆಯವರು ಡೇಲಿಯಾ ಎನ್ನುತ್ತಾರಲ್ಲ, ಅದು. ಅಂಗಳದ ನಡುವೆ ಮನೆಯ ಹೂ, ಗೇಟಿನ ಪಕ್ಕ ಹೋದ ವರ್ಷ ಎದುರಿಗಿದ್ದವರ ಹೂ. ಅದಕ್ಕೇ ರೋಹಿಣಿ ಕೂಡುವ ಮುಂಚೆ ಎದುರು ಬದುರು ಮನೆಯವರು ತಮ್ಮ ತಮ್ಮ ಹೂವಿನ ಗೆಡ್ಡೆಯನ್ನು ಬದಲಾಯಿಸಿಕೊಳ್ಳಬೇಕು. ಮಳೆ ಕಳೆದ ಮೇಲೆ ನೆಟ್ಟರೆ ಮೂರು ತಿಂಗಳಿಗೆ, ಮಖೆ ಮಳೆಯ ಹೊತ್ತಿಗೆ, ಊರಿಗೆ ಊರೇ ಅರಳುತ್ತದೆ. ಆಗ ಪೋಸ್ಟಿನವನು ಅಷ್ಟು ದಿನ ಕೂಡಿಟ್ಟ ಕಾಗದಗಳ ಚೀಲ ಹೊತ್ತು, 'ನಡುವೆ ಬಿಳಿ, ಗೇಟಿಗೆ ನೇರಳೆ' ಎಂದು ಗೊಣಗುತ್ತಾ ಹೊರಡುತ್ತಾನೆ. ನಾವೂ ಕೊಡೆ ಹಿಡಿದು ಹಳೆಯ ನೆರೆಯವರನ್ನು ಹುಡುಕಲು ಹೊರಡುತ್ತೇವೆ. ಯಾರ ಗೇಟಿನಲ್ಲಿ ನಮ್ಮ ಹೂ ಕಂಡಿತೋ ಆ ಮನೆಗೆ ನೇರವಾಗಿ ಹೋಗಿ ಕೂತರಾಯಿತು. ಅಲ್ಲಿಯವರೆಗೆ ಮೂರು ತಿಂಗಳು ನೆಂಟರ ಕಾಟವಿಲ್ಲ ಎಂದು ನಮ್ಮ ಯಜಮಾನರಿಗೆ ಖುಷಿ. ಅವರ ಕಡೆಯ ನೆಂಟರು ಅಂಥವರು. ನಾನೇನೂ ಹೇಳುವುದಿಲ್ಲ.

ನನ್ನ ಹೆಸರು ಅಂಬುಜಾಕ್ಷಿ. ಡೇರೆ ಬೆಳೆಯುವುದರಲ್ಲಿ ನನ್ನ ಸಮ ಇಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಆದರೆ ಬೇರೆಯವರು ಹೇಳಲಿ ಎಂದು ಕಾದರೆ ಆಯುಷ್ಯ ಮುಗಿಯುತ್ತದೆ. ಮದುವೆ ಮನೆಗಳಿಗೂ ಹೋಟೆಲುಗಳಿಗೂ ನನ್ನ ಅಂಗಳದ ಹೂವೇ ಹೋಗುವುದು. ಬಿಸಿಲೇರುವ ಮುಂಚೆ ಉದ್ದ ದಂಟಿನೊಂದಿಗೆ ಕೊಯ್ದು, ದಂಟಿನ ತುದಿಯನ್ನು ಕೈ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಾದ ನೀರಿನಲ್ಲಿ ಇಳಿಬಿಟ್ಟರೆ ಹೂ ಐದಾರು ದಿನ ಬಾಡುವುದಿಲ್ಲ. ಒಂದು ವರ್ಷ ಬಿಟ್ಟರೆ ಪ್ರತಿ ವರ್ಷವೂ ಫಲಪುಷ್ಪ ಪ್ರದರ್ಶನದ ಮೊದಲ ಬಹುಮಾನ, ಆ ಸ್ಟೀಲಿನ ಕೊಡ, ನಮ್ಮ ಮನೆಗೇ ಬರುತ್ತದೆ. ಅಟ್ಟದ ಮೇಲೆ ಒಂಬತ್ತು ಕೊಡಗಳಿವೆ.

ಗೆಡ್ಡೆಯಿಂದ ಬೆಳೆದರೆ ತಾಯಿಯ ಹೂವೇ ಬರುತ್ತದೆ, ಬೀಜದಿಂದ ಬೆಳೆದರೆ ಏನು ಬರುತ್ತದೋ ದೇವರಿಗೇ ಗೊತ್ತು. ಒಂದು ವರ್ಷ ಹಠಕ್ಕೆ ಬಿದ್ದು ಬೀಜ ಹಾಕಿದೆ. ನಲವತ್ತು ಗಿಡ ಬಂದವು. ಮೂವತ್ತೊಂಬತ್ತನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಉಳಿದ ಒಂದು ಮಾತ್ರ ಊಟದ ತಟ್ಟೆಯಷ್ಟು ಅಗಲವಾಗಿ, ಆಗತಾನೆ ಒಲೆಯಿಂದಿಳಿಸಿದ ತುಪ್ಪದ ಬಣ್ಣದಲ್ಲಿ ಅರಳಿತು. ಅಂಥ ಬಣ್ಣ ಊರಲ್ಲಿ ಇನ್ನೊಂದಿರಲಿಲ್ಲ. ಅದನ್ನು ಅಂಗಳದ ನಡುವೆ ನೆಟ್ಟು ನಮ್ಮ ಮನೆಯ ಹೂ ಮಾಡಿಕೊಂಡೆ. ಹೆಮ್ಮೆಯಿಂದ ಹಾಗೆ ಮಾಡಿದ್ದು; ಮನೆಯ ಹೂವಾದರೆ ಎದುರು ಮನೆಗೆ ಕೊಡಲೇಬೇಕು ಎಂಬುದು ಆ ಹೆಮ್ಮೆಯಲ್ಲಿ ಮರೆತೇಹೋಗಿತ್ತು.

ಆ ವರ್ಷ ಎದುರಿಗಿದ್ದವಳು ದೇವೀರಿ. ಮೂವತ್ತರ ಹೆಣ್ಣುಮಗಳು, ಗಂಡ ಚೆಲುವಯ್ಯ ಲಾರಿ ಓಡಿಸುತ್ತಿದ್ದ. ಅವರ ಮನೆಯ ಹೂ ಕೆಂಪು ಗುಂಡು ಡೇರೆ. ಊರಲ್ಲಿ ಇನ್ನೂರು ಮನೆಯಲ್ಲಿರುವ ಸಾಧಾರಣ ಹೂ ಅದು. ನನ್ನ ತುಪ್ಪದ ಡೇರೆ ಅರಳಿದಷ್ಟು ದಿನವೂ ಅವಳು ಸಂಜೆ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ಅವಳ ಎರಡು ಬಸಿರು ಹಿಂದೆ ನಿಂತಿರಲಿಲ್ಲ. ಎರಡು ಸಲವೂ ಗಂಡ ಎಲ್ಲೋ ದೂರದ ರಸ್ತೆಯ ಮೇಲಿದ್ದ. ಈಗ ಮತ್ತೆ ಐದು ತಿಂಗಳು. ಸೂಲಗಿತ್ತಿ ಗೇಟು ದಾಟಬೇಡ ಎಂದಿದ್ದಳು. ಈ ಸಲ ಹೆರಿಗೆಗೆ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ ಎಂದು ಚೆಲುವಯ್ಯ ಆಣೆ ಇಟ್ಟಿದ್ದನಂತೆ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಗೇಟಿನ ಆ ಕಡೆಯಿಂದ, ಹುಣಿಸೆಹಣ್ಣು ಬಿಡಿಸುತ್ತಾ.

ಗೆಡ್ಡೆ ಬದಲಾಯಿಸುವ ದಿನ ಬಂತು. ಮಡಕೆಯ ಒಣ ಮರಳಿನಿಂದ ತುಪ್ಪದ ಡೇರೆಯ ಗೊಂಚಲನ್ನು ತೆಗೆದು ಬಿಡಿಸಿದೆ. ಐದು ಗೆಡ್ಡೆ. ಡೇರೆಯ ಗೆಡ್ಡೆ ಎಷ್ಟು ದಪ್ಪವಿದ್ದರೇನು, ಕತ್ತಿನ ಹತ್ತಿರ ಕಣ್ಣಿದ್ದರೆ ಮಾತ್ರ ಚಿಗುರುವುದು. ಐದರಲ್ಲಿ ಎರಡಕ್ಕೆ ಕಣ್ಣಿತ್ತು. ಒಂದು ನನಗೆ, ಒಂದು ದೇವೀರಿಗೆ ಎನ್ನುವುದು ನ್ಯಾಯ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅವಳ ಗೇಟಿನಲ್ಲಿ ಇದು ಅರಳಿದರೆ ಅವಳೂ ಪ್ರದರ್ಶನಕ್ಕೆ ತರುತ್ತಾಳೆ, ಮುಂದಿನ ವರ್ಷ ಅವಳ ಎದುರು ಮನೆಯವರು ಕೇಳುತ್ತಾರೆ, ನಾಲ್ಕು ವರ್ಷಕ್ಕೆ ಇದೂ ಗುಂಡು ಡೇರೆಯ ಹಾಗೆ ಬೀದಿಗೆ ಬೀಳುತ್ತದೆ. ಹೊಟ್ಟೆಕಿಚ್ಚು ಎನ್ನುವುದಾದರೆ ಎನ್ನಿ. ಕಣ್ಣಿಲ್ಲದ ಮೂರರಲ್ಲಿ ಎಲ್ಲಕ್ಕಿಂತ ದಪ್ಪವಾದದ್ದನ್ನು ಆರಿಸಿ, ಮಣ್ಣು ಒರೆಸಿ, ತಟ್ಟೆಯಲ್ಲಿಟ್ಟು, ಎಲೆ ಅಡಿಕೆಯ ಜೊತೆ ಕೊಟ್ಟುಬಂದೆ. ಅವಳು ಸೆರಗೊಡ್ಡಿ ತೆಗೆದುಕೊಂಡಳು. ಗೆಡ್ಡೆಯನ್ನು ತಿರುಗಿಸಿಯೂ ನೋಡಲಿಲ್ಲ. ಎದುರು ಮನೆಯವರು ಕೊಟ್ಟದ್ದನ್ನು ತಿರುಗಿಸಿ ನೋಡುವುದು ನಮ್ಮಲ್ಲಿ ಅವಮಾನ.

"ಕಣ್ಣಿರೋದನ್ನೇ ಕೊಟ್ಟೆ ತಾನೆ?" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆಯೆತ್ತದೆ.

"ಕೊಡದೆ ಇರ್ತೀನಾ?" ಎಂದೆ.

ಆ ವರ್ಷ ಮಳೆ ಎರಡು ದಿನ ಮೊದಲೇ ಬಂತು. ಬಾಗಿಲು ತೆಗೆದಾಗ ಎದುರಿಗೆ ಹಪ್ಪಳ ಮಾಡುವವರ ಮನೆ ನಿಂತಿತ್ತು.

ಮಖೆ ಮಳೆ ಹಿಡಿಯಿತು. ನನ್ನ ಅಂಗಳದ ನಡುವೆ ತುಪ್ಪದ ಡೇರೆ ಅರಳಿತು, ಗೇಟಿನ ಪಕ್ಕ ದೇವೀರಿ ಕೊಟ್ಟ ಕೆಂಪು ಗುಂಡು ಡೇರೆಯೂ ಅರಳಿತು. ಒಂದು ಬೆಳಗ್ಗೆ ಹೂ ಕೊಯ್ಯುತ್ತಿದ್ದೆ. ಗೇಟಿನಲ್ಲಿ ಚೆಲುವಯ್ಯ ನಿಂತಿದ್ದ. ಗಡ್ಡ ಬಂದಿತ್ತು, ಶರ್ಟು ಬೆವರಿನಲ್ಲಿ ತೊಯ್ದಿತ್ತು. ಹೂವನ್ನು ನೋಡಿ ಅವನ ಮುಖ ಒಮ್ಮೆಲೇ ಅರಳಿ, ನನ್ನನ್ನು ನೋಡಿ ಹಾಗೇ ಇಳಿಯಿತು.

"ಅಯ್ಯೋ, ಇದು ನಿಮ್ಮ ಮನೇನಾ ಅಕ್ಕ? ನಮ್ಮನೇನೇ ಸಿಕ್ತು ಅಂದ್ಕೊಂಡೆ."

"ನಿಮ್ಮ ಮನೆ ಯಾಕೆ ಹುಡುಕ್ತಿದ್ದೀಯಪ್ಪ?"

"ಲೋಡು ಇಳಿಸಿ ವಾಪಸ್ ಬರೋದ್ರೊಳಗೆ ಮಳೆ ಬಂದ್ಬಿಡ್ತಲ್ಲ ಅಕ್ಕ. ಆವತ್ತಿಂದ ಲಾಡ್ಜಲ್ಲೇ ಇದ್ದೀನಿ. ಹೊರಡೋವಾಗ ದೇವೀರಿ ಹೇಳಿದ್ಲು, ಅಕಸ್ಮಾತ್ ಮಳೆಗೆ ಸಿಕ್ಕಾಕೊಂಡ್ರೆ ಹೆದರ್ಬೇಡಿ, ಗುಂಡು ಡೇರೆ ಊರ್ತುಂಬ ಇದ್ರೂ ಈ ಸಲ ನಮ್ ಗೇಟಲ್ಲಿ ಅಂಬುಜಕ್ಕನ ಹೂ ಇರತ್ತೆ, ಅದು ಇನ್ನೊಬ್ರ ಹತ್ರ ಇಲ್ಲ ಅಂತ. ಹದಿನೈದು ದಿನದಿಂದ ತಿರುಗ್ತಿದ್ದೀನಿ. ಇನ್ನು ಹದಿನೈದು ದಿನಕ್ಕೆ ಅವಳಿಗೆ ದಿನ ತುಂಬತ್ತೆ."

ಲಾಡ್ಜಿಗೆ ಅಂಗಳವಿಲ್ಲ, ಅಂಗಳವಿಲ್ಲದ್ದಕ್ಕೆ ಹೂವಿಲ್ಲ, ಹೂವಿಲ್ಲದ್ದಕ್ಕೆ ವಿಳಾಸವಿಲ್ಲ. ಅವಳಾಗಿ ಅವನಿಗೆ ಹೇಳಿ ಕಳಿಸುವುದೂ ಆಗದ ಮಾತು. ಕೇಳಬಾರದೇ ಎಂದರೆ ಅವನು ಕೇಳಿದ್ದ. ಬಸುರಿ ಹೆಂಗಸಿರುವ ಗುಂಡು ಡೇರೆಯ ಮನೆ ಯಾವುದು ಎಂದು ಕೇಳಿದರೆ ಜನ ಪಾಪ ಸಹಾಯ ಮಾಡಬೇಕೆಂದೇ ಒಂದೊಂದು ದಿಕ್ಕು ತೋರಿಸಿದ್ದರು. ಹಾಗೆ ಮೂರು ಮನೆ ಸಿಕ್ಕಿದ್ದವು, ಮೂವರೂ ಬೇರೆಯವರ ಹೆಂಡತಿಯರು. ಒಂದು ಕಡೆ ಆಕೆಯ ಮಾವ ಕೋಲು ಹಿಡಿದು ಅಟ್ಟಿಸಿಕೊಂಡು ಬಂದಿದ್ದನಂತೆ.

"ನಮ್ಮ ಗೇಟಲ್ಲಿ ಯಾಕೆ ಬಿಟ್ಟಿಲ್ವೋ ಅಕ್ಕ ನಿಮ್ಮ ಹೂ," ಎಂದ ಅವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ನನ್ನನ್ನು ಏನೂ ಅಂದಿರಲಿಲ್ಲ, ಆದರೂ "ನೀರು ಜಾಸ್ತಿಯಾಗಿರ್ಬೇಕು, ಹುಳ ತಿಂದಿರ್ಬೇಕು," ಎಂದು ಒಂದೇ ಉಸಿರಿಗೆ ಒದರಿದೆ.

"ನಿಮ್ಮ ಕೈಯಿಂದ ಬಂದ ಗೆಡ್ಡೆ ಹುಸಿ ಹೋಗತ್ತಾ? ಇನ್ನೂ ನಾಲ್ಕು ದಿನ ನೋಡ್ತೀನಿ, ಬಿಟ್ಟೇ ಬಿಡತ್ತೆ," ಎಂದು ಅವನೇ ನನಗೆ ಸಮಾಧಾನ ಹೇಳಿದ.

ಅವನಿಗೆ ಕಾಫಿ ಕೊಟ್ಟೆ. ಕುಡಿಯುವುದನ್ನು ನೋಡಲಾಗದೆ ಒಳಗೆ ಹೋಗಿ ನಿಂತೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲೇ ಆಗಿರಲಿಲ್ಲ. ಇವನು ಇನ್ನೂ ನಾಲ್ಕು ದಿನವಲ್ಲ, ನಾಲ್ಕು ವರ್ಷ ತಿರುಗಿದರೂ ಆ ಗೇಟಿನಲ್ಲಿ ಹೂ ಬಿಡುವುದಿಲ್ಲ ಎಂದು ಗೊತ್ತಿದ್ದವಳು ಊರಿನಲ್ಲಿ ನಾನೊಬ್ಬಳೇ. ಯಜಮಾನರು ಅಡುಗೆಮನೆ ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಮೊಳೆಯಿಂದ ಕೊಡೆ ತೆಗೆದು ನನ್ನ ಕೈಗೆ ಕೊಟ್ಟರು. "ಊಟ ನಾನು ನೋಡ್ಕೋತೀನಿ, ನೀನು ಹೋಗು," ಎಂದರು.

ಇನ್ನೂರು ಗುಂಡು ಡೇರೆಯ ಮನೆಗಳಲ್ಲಿ ಒಂದು ಮನೆ. ಬೀದಿಗಳಿಗೆ ಗೊತ್ತು ಗುರಿ ಇಲ್ಲ, ಒಂದೇ ಬೀದಿಗೆ ಮೂರು ಸಲ ಹೋಗಿಬರುವುದೂ ಉಂಟು. ಮೊದಲ ದಿನ ಸುಮ್ಮನೆ ಬಾಗಿಲು ಬಡಿಯುತ್ತಾ ಹೋದೆವು. ಸಂಜೆ ಕಾಲು ನೋವಿಗೆ ಒಂದು ಕಟ್ಟೆಯ ಮೇಲೆ ಕೂತಿದ್ದಾಗ ಎದುರಿನ ಅಂಗಳದಲ್ಲಿ ಒಬ್ಬಾಕೆ ಮೊಗ್ಗು ಚಿವುಟುತ್ತಿದ್ದಳು. ಡೇರೆಯ ಪ್ರತಿ ಕುಡಿಗೂ ಮೂರು ಮೊಗ್ಗು ಬರುತ್ತದೆ, ನಡುವಿನದ್ದನ್ನು ಬಿಟ್ಟು ಅಕ್ಕಪಕ್ಕದ ಎರಡನ್ನೂ ಚಿವುಟಿದರೆ ಹೂ ದೊಡ್ಡದಾಗುತ್ತದೆ, ದಂಟು ಉದ್ದವಾಗುತ್ತದೆ. ಊರಲ್ಲಿ ಎಲ್ಲರೂ ಚಿವುಟುತ್ತಾರೆ. ದೇವೀರಿ ಮಾತ್ರ ಚಿವುಟುತ್ತಿರಲಿಲ್ಲ. ಹೋದ ವರ್ಷ ನಾನೇ ಹೋಗಿ ಹೇಳಿಕೊಡಲು ನೋಡಿದರೆ ನನ್ನ ಕೈ ಹಿಡಿದುಕೊಂಡು, "ಬಂದಿರೋದನ್ನ ನಾನ್ಯಾಕೆ ಚಿವುಟ್ಲಿ ಅಕ್ಕ, ಇರ್ಲಿ ಬಿಡಿ," ಎಂದಿದ್ದಳು. ಗಿಡದ ತುಂಬ ಬಟನ್ನಿನಷ್ಟು ಹೂ ಬಿಟ್ಟು, ಭಾರಕ್ಕೆ ಬಾಗಿ, ನೋಡಲು ಅವ್ಯವಸ್ಥೆಯಾಗಿತ್ತು. ನಾನು ಮನೆಗೆ ಬಂದು ನಕ್ಕಿದ್ದೆ.

"ಏಳಪ್ಪಾ," ಎಂದೆ ಚೆಲುವಯ್ಯನಿಗೆ. "ಬಾಗಿಲು ಬಡಿಯೋದು ಬೇಡ. ಒಂದು ಮೊಗ್ಗೂ ಚಿವುಟದೆ ಇರೋ ಗಿಡ ಹುಡುಕು. ಗಿಜಿಗಿಜಿ ಅಂತ ಬಿಟ್ಟಿರ್ಬೇಕು."

ಆಮೇಲೆ ಕೆಲಸ ಸಲೀಸಾಯಿತು. ಗೇಟಿನಿಂದಲೇ ಇಣುಕಿ ನೋಡಿ ಮುಂದೆ ಹೋಗುವುದು. ಚಿವುಟದ ಗಿಡ ಮೂರು ದಿನದಲ್ಲಿ ಎರಡು ಸಿಕ್ಕವು. ಒಂದು ಒಬ್ಬ ಮೇಷ್ಟ್ರ ಮನೆ. "ನಾನು ಸೋಮಾರಿ ಕಣಮ್ಮ, ಬೇರೆ ಕಾರಣ ಇಲ್ಲ," ಎಂದರು ಅವರು. ಇನ್ನೊಂದು ಬೀಗ ಹಾಕಿದ ಮನೆ. ನಾಲ್ಕನೇ ದಿನ ಮಧ್ಯಾಹ್ನ, ಬಿಸಿಲಿಗೆ ನನ್ನ ತಲೆ ತಿರುಗುತ್ತಿದ್ದಾಗ, ಮೂಲೆಯ ಅಂಗಳದಲ್ಲಿ ಕೆಂಪು ಹೂಗಳು ಒಂದರ ಮೇಲೊಂದು ಬಿದ್ದುಕೊಂಡ ಗಿಡ ಕಂಡಿತು. ಹಳೆಯ ಸೀರೆಯ ಅಂಚಿನಿಂದ ಕೋಲಿಗೆ ಕಟ್ಟಿದ್ದರು. ಗೇಟಿನ ಪಕ್ಕ ದುಂಡಗೆ ಪಾತಿ ಮಾಡಿ, ಗಿಡಕ್ಕೆ ಆಸರೆಯಾಗಲಿ ಎಂದು ಒಂದು ಕೋಲು ನೆಟ್ಟಿತ್ತು. ಪಾತಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಮಣ್ಣು ಮಾತ್ರ ಅವತ್ತು ಬೆಳಗ್ಗೆ ನೀರು ಹಾಕಿದ ಹಾಗೆ ಒದ್ದೆಯಾಗಿತ್ತು.

ಚೆಲುವಯ್ಯ ಗೇಟನ್ನು ತೆಗೆಯದೆ ಹಾರಿಯೇ ಒಳಗೆ ಹೋದ. ದೇವೀರಿ ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಊಟ ಮಾಡಿದ್ರಾ?" ಎಂದಳು ಅವಳು.

ಅಷ್ಟಕ್ಕೇ ಅವನು ಜಗಲಿಯ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅವಳು ಅವನ ತಲೆ ಸವರುತ್ತಾ ನನ್ನ ಕಡೆ ನೋಡಿದಳು. ಸಂತೋಷದ ಜೊತೆಗೆ ಅವಳ ಮುಖದಲ್ಲಿ ಒಂದು ಸಂಕೋಚವಿತ್ತು.

"ನನ್ನಿಂದ ನಿಮ್ಗೂ ಅಲೆದಾಟ ಆಯ್ತು ಅಂಬುಜಕ್ಕ. ನಿಮ್ಮ ಗೆಡ್ಡೆ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ದಿನಾ ನೀರು ಹಾಕ್ದೆ, ಗೊಬ್ಬರ ಹಾಕ್ದೆ. ಅದೇನೋ ಅಕ್ಕ, ನನ್ನ ಕೈಯಲ್ಲಿ ಯಾವ್ದೂ ನಿಲ್ಲಲ್ಲ." ಹಾಗೆನ್ನುತ್ತಾ ಅವಳ ಕೈ ತನ್ನಷ್ಟಕ್ಕೆ ತಾನೇ ಹೊಟ್ಟೆಯ ಮೇಲೆ ಹೋಯಿತು.

ನಾಲ್ಕು ದಿನ ನಾನು ಒಂದು ಲೆಕ್ಕ ಹಾಕಿಕೊಂಡೇ ನಡೆದಿದ್ದೆ. ಗಂಡನನ್ನು ಮನೆ ಮುಟ್ಟಿಸಿದರೆ ಪಾಪ ತೀರಿತು, ಹೇಳುವ ಅಗತ್ಯವೇನಿದೆ ಎಂದು. ಆ ಕೈಯನ್ನು ನೋಡಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. ಮೂರು ತಿಂಗಳಿಂದ ಈ ಹುಡುಗಿ ಬರೀ ಮಣ್ಣಿಗೆ ನೀರು ಹಾಕುತ್ತಾ, ತನ್ನ ಕೈಯೇ ಕೆಟ್ಟದ್ದು ಎಂದು ನಂಬಿಕೊಂಡು, ಹೆರಿಗೆಗೆ ದಿನ ಎಣಿಸುತ್ತಿದ್ದಳು.

"ನಿನ್ನ ಕೈಯದ್ದೇನೂ ತಪ್ಪಿಲ್ಲ ಕಣೇ," ಎಂದೆ. "ಅದಕ್ಕೆ ಕಣ್ಣೇ ಇರ್ಲಿಲ್ಲ."

"ಅವಸರದಲ್ಲಿ ನೋಡಿರಲ್ಲ ಬಿಡಿ ಅಕ್ಕ."

"ನೋಡೇ ಕೊಟ್ಟೆ. ನಿಂಗೆ ಆ ಹೂ ಸಿಗ್ಬಾರ್ದು ಅಂತ ಬೇಕೂಂತ ಕಣ್ಣಿಲ್ಲದ್ದನ್ನ ಆರಿಸಿ ಕೊಟ್ಟೆ."

ಚೆಲುವಯ್ಯನ ಅಳು ನಿಂತಿತು. ದೇವೀರಿ ಮೆಲ್ಲಗೆ ಮೆಟ್ಟಿಲಿಳಿದು ಗೇಟಿನ ಹತ್ತಿರ ಬಂದು, ಪಾತಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹಂಗಾದ್ರೆ ನನ್ನ ಕೈದಲ್ವಾ?" ಎಂದು ಕೇಳಿದಳು.

"ಅಲ್ಲ. ಭೂಮಿಯಲ್ಲಿ ಯಾರ ಕೈಲೂ ಅದು ಚಿಗುರ್ತಿರ್ಲಿಲ್ಲ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಹಿಡಿದಿಟ್ಟುಕೊಂಡ ಉಸಿರಿರಬೇಕು. ಅದು ಹೊರಗೆ ಹೋದ ಮೇಲೆ ಆ ಜಾಗಕ್ಕೆ ಸಿಟ್ಟು ಬಂತು. ಬರಲೇಬೇಕಲ್ಲ.

"ನೀವು ಮನೆಗೆ ಹೋಗಿ ಅಂಬುಜಕ್ಕ," ಎಂದಳು. ನೀರು ಬೇಕಾ ಎಂದೂ ಕೇಳಲಿಲ್ಲ. ನಾನು ಮನೆಗೆ ಬಂದೆ. ದಾರಿಯಲ್ಲಿ ಅತ್ತುಕೊಂಡು ಬಂದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ ಚೆಲುವಯ್ಯ ಗೇಟಿನಲ್ಲಿ ಕಂಡ. ಗಡ್ಡ ತೆಗೆದಿದ್ದ, ಕೈಯಲ್ಲಿ ಸಕ್ಕರೆ ಪೊಟ್ಟಣವಿತ್ತು. ಹೆಣ್ಣುಮಗು, ಗಟ್ಟಿಯಾಗಿದೆ, ಬಾಣಂತಿಯೂ ಚೆನ್ನಾಗಿದ್ದಾಳೆ ಎಂದ. ಅವಳು ನೋವು ತಿನ್ನುವಾಗ ಬಾಗಿಲ ಹೊರಗೆ ನಿಂತು ನಾನು ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ ಎಂದು ಕೂಗಿ ಕೂಗಿ ಸೂಲಗಿತ್ತಿಯಿಂದ ಬೈಸಿಕೊಂಡನಂತೆ.

"ದೇವೀರಿ ಕಳಿಸಿದ್ಲಾ?" ಎಂದು ಕೇಳಿದೆ.

"ಇಲ್ಲ ಅಕ್ಕ, ನಾನೇ ಬಂದೆ." ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅವತ್ತು ಫಲಪುಷ್ಪ ಪ್ರದರ್ಶನ. ಬಕೆಟ್ಟಿನಲ್ಲಿ ತುಪ್ಪದ ಡೇರೆಯ ಏಳು ಹೂ, ಒಂದಕ್ಕಿಂತ ಒಂದು ದೊಡ್ಡದು, ಬಿಸಿ ನೀರು ತೋರಿಸಿ ಸಿದ್ಧಮಾಡಿ ಇಟ್ಟಿದ್ದೆ. ಏಳನ್ನೂ ಬಾಳೆಪಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ. "ಅವಳು ಏನಂತಾಳೋ ಅಕ್ಕ," ಎಂದು ಹಿಂಜರಿದ. "ಬೇಡ ಅಂದ್ರೆ ದನಕ್ಕೆ ಹಾಕು," ಎಂದೆ. ಆ ವರ್ಷದ ಸ್ಟೀಲ್ ಕೊಡ ಹಪ್ಪಳದವರ ಮನೆಗೆ ಹೋಯಿತು. ಅವರ ಹೂ ಅಷ್ಟೇನೂ ಚೆನ್ನಾಗಿರಲಿಲ್ಲ.

ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ. ಚಳಿ ಬಂತು, ಡೇರೆಯ ಎಲೆ ಒಣಗಿತು, ಗೆಡ್ಡೆ ಅಗೆದು ಮರಳಿನಲ್ಲಿಟ್ಟೆ. ನಾನಾಗಿ ಅವರ ಮನೆಗೆ ಹೋಗಬಹುದಿತ್ತು, ದಾರಿ ಗೊತ್ತಿತ್ತು. ಮನೆಗೆ ಹೋಗು ಎಂದವರ ಮನೆಗೆ ಕರೆಯದೆ ಹೇಗೆ ಹೋಗುವುದು? ಯುಗಾದಿ ಕಳೆಯಿತು. ರೋಹಿಣಿ ಹತ್ತಿರ ಬಂದ ಹಾಗೆ ನನಗೆ ಸಂಕಟ ಹೆಚ್ಚಾಯಿತು. ಇನ್ನೊಂದು ಮಳೆ ಬಿದ್ದರೆ ಗೊತ್ತಿರುವ ದಾರಿಯೂ ಹೋಗುತ್ತದೆ.

ರೋಹಿಣಿ ಕೂಡುವ ದಿನ, ಬಡಗಣ ದಿಕ್ಕಿನಲ್ಲಿ ಮೋಡ ಕಪ್ಪಾಗುತ್ತಿದ್ದಾಗ, ಜಗಲಿಯ ಮೇಲೆ ಗೋಣಿ ಹಾಸಿ ಹಪ್ಪಳದವರಿಗೆ ಕೊಡಲು ತುಪ್ಪದ ಡೇರೆಯ ಗೊಂಚಲು ಬಿಡಿಸುತ್ತಿದ್ದೆ. ಮನೆಯ ಮುಂದೆ ಲಾರಿ ನಿಂತ ಸದ್ದಾಯಿತು. ದೇವೀರಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದು ಬಂದಳು. ಚೆಲುವಯ್ಯ ಗೇಟಿನಲ್ಲೇ ನಿಂತು ಆಕಾಶ ನೋಡುತ್ತಿದ್ದ.

"ನೀವು ಕಳಿಸಿದ್ದ ಹೂ ಆರು ದಿನ ಇತ್ತು," ಎಂದಳು. ಸ್ವಲ್ಪ ತಡೆದು, "ಗೆಡ್ಡೆ ತೋರ್ಸಿ. ಈ ಸಲ ನಾನೇ ನೋಡಿ ತಗೋತೀನಿ," ಎಂದಳು.

ನಾನು ಗೋಣಿಯನ್ನು ಅವಳ ಕಡೆ ಸರಿಸಿದೆ. ಅವಳು ಕೂತಳು. ಒಂದು ಕೈಯಲ್ಲಿ ಮಗುವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಒಂದು ಗೆಡ್ಡೆಯನ್ನೆತ್ತಿ ತಿರುಗಿಸಲು ನೋಡಿದಳು. ಮಗು ಅದನ್ನು ಕಿತ್ತುಕೊಂಡು ಬಾಯಿಗಿಡಲು ಹೋಯಿತು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ ಅದು.

"ಇವಳನ್ನ ಸ್ವಲ್ಪ ಹಿಡ್ಕೊಳಿ," ಎಂದು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು.

ಒಳ್ಳೇ ಭಾರವಿತ್ತು ಮಗು. ನನ್ನ ಬಳೆಗಳನ್ನು ಹಿಡಿದು ಎಳೆಯತೊಡಗಿತು. ದೇವೀರಿ ಒಂದೊಂದೇ ಗೆಡ್ಡೆಯನ್ನು ಬೆಳಕಿಗೆ ಹಿಡಿದು, ಕತ್ತಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ, ನನ್ನ ಎದುರಿಗೇ ತಿರುಗಿಸಿ ತಿರುಗಿಸಿ ನೋಡಿದಳು. ದೂರದಲ್ಲಿ ಗುಡುಗಿತು. "ಬೇಗ ಮಾಡೇ, ಮಳೆ ಬಂದ್ರೆ ಮನೆ ಹೋಯ್ತು," ಎಂದು ಚೆಲುವಯ್ಯ ಗೇಟಿನಿಂದ ಕೂಗಿದ. ಅವಳು ತಲೆಯೆತ್ತಲಿಲ್ಲ. ಮೂರು ಕಣ್ಣಿದ್ದ ಒಂದನ್ನು ಕೊನೆಗೆ ಆರಿಸಿಕೊಂಡಳು. ಅಷ್ಟೂ ಗೆಡ್ಡೆಗಳಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು.

"ಇನ್ನೊಂದ್ಸಲ ನೋಡ್ಕೊಳೇ," ಎಂದೆ ನಾನು.

ಅವಳು ಮತ್ತೊಮ್ಮೆ ನೋಡಿಯೇ ಸೆರಗಿಗೆ ಹಾಕಿಕೊಂಡಳು.